ಪಕ್ಕದ ಮನೆಯ ಹೆಪ್ಪು

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ವಿಜ್ಞಾನ ಮತ್ತು ಕಲೆ'. ಊಟದ ಹೊತ್ತಿಗೆ ಮುಂಚೆ ಮುಗಿಯುವ ವಿಷಯ ಇದಲ್ಲ. ಹಾಗಾಗಿ ನನ್ನ ಅನುಕೂಲಕ್ಕೆ ಸಣ್ಣದು ಮಾಡಿಕೊಂಡಿದ್ದೇನೆ. ವಿಜ್ಞಾನದ ಕಡೆಯಿಂದ ವೈಜ್ಞಾನಿಕ ಕಥೆಗಳನ್ನು, ಕಲೆಯ ಕಡೆಯಿಂದ ಸಂಗೀತವನ್ನು ತೆಗೆದುಕೊಂಡು, ಎರಡಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ. ಒಬ್ಬರ ಕಲ್ಪನೆಯನ್ನು ಇನ್ನೊಬ್ಬರು ತೆಗೆದುಕೊಂಡರೆ ಅದು ಕಳವೋ, ಕಲಿಕೆಯೋ?

ಈ ಪ್ರಶ್ನೆ ಪಂಡಿತರಿಗಷ್ಟೇ ಸೇರಿದ್ದಲ್ಲ. ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಪ್ರಬಂಧವೋ, ವಸ್ತುಪ್ರದರ್ಶನದ ಮಾದರಿಯೋ ಮಾಡಿ ಎಂದರೆ ಮಕ್ಕಳಲ್ಲಿ ಎರಡು ಗುಂಪು ಕಾಣುತ್ತಿತ್ತು. ಒಂದು ಗುಂಪು ಗೈಡಿನಿಂದ, ಈಚೆಗೆ ಮೊಬೈಲಿನಿಂದ, ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡು ಬರುತ್ತಿತ್ತು. ಇನ್ನೊಂದು ಗುಂಪು ಖಾಲಿ ಹಾಳೆ ಹಿಡಿದು ಕೂರುತ್ತಿತ್ತು. ಕೇಳಿದರೆ, "ಎಲ್ಲಾ ಆಗ್ಲೇ ಯಾರೋ ಬರೆದುಬಿಟ್ಟಿದ್ದಾರೆ ಸಾರ್, ನಾನೇನು ಹೊಸದು ಬರೀಲಿ?" ಎನ್ನುತ್ತಿತ್ತು. ಎರಡೂ ಗುಂಪಿಗೆ ಗೊತ್ತಿಲ್ಲದ್ದು ಒಂದೇ: ಎರವಲು ತರುವುದು ಹೇಗೆ ಎಂಬುದು.

ಇಲ್ಲಿ ಕುಳಿತಿರುವ ತಾಯಂದಿರಿಗೆ ಅದು ಚೆನ್ನಾಗಿ ಗೊತ್ತು. ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೀರಿ. ಹಾಲು ನಮ್ಮದು, ಕಾಯಿಸಿದ್ದು ನಾವು, ಬೆಳಿಗ್ಗೆ ಆದ ಮೊಸರೂ ನಮ್ಮದೇ. ಆದರೆ ಹೆಪ್ಪು ಯಾರ ಮನೆಯದು ಎಂದು ಕೇಳಿದರೆ ಮುಚ್ಚಿಡುವುದಿಲ್ಲ. ನಾಳೆ ಅವರು ಬಂದು ಕೇಳಿದರೆ ಇಲ್ಲವೆನ್ನುವುದೂ ಇಲ್ಲ. ಪಕ್ಕದ ಮನೆಯ ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಬಂದರೆ ಅದರ ಹೆಸರೇ ಬೇರೆ. ಇಷ್ಟು ವಿವೇಕ ಇಟ್ಟುಕೊಂಡು ಕಥೆ, ಹಾಡುಗಳ ಕಡೆ ನೋಡೋಣ.

ಮಕ್ಕಳೇ, ಮೊದಲು ನಿಮಗೆ ಗೊತ್ತಿರುವ ಒಂದು ಧಾಟಿ. 'ಟ್ವಿಂಕಲ್ ಟ್ವಿಂಕಲ್' ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಈಗ ಎಬಿಸಿಡಿ ಹಾಡಿಕೊಳ್ಳಿ. ಎರಡರದ್ದೂ ಒಂದೇ ಧಾಟಿ. ನಕ್ಷತ್ರದ ಆ ಪದ್ಯ ಬರೆದವರು ಇಂಗ್ಲೆಂಡಿನ ಜೇನ್ ಟೇಲರ್, ಅಚ್ಚಾದದ್ದು 1806ರಲ್ಲಿ. ಧಾಟಿ ಅದಕ್ಕಿಂತ ಹಳೆಯದು, ಫ್ರಾನ್ಸಿನದು. ಮೊಜಾರ್ಟ್ ಅದೇ ಧಾಟಿಯನ್ನು ಹಿಡಿದು ಪಿಯಾನೋದಲ್ಲಿ 12 ಬಗೆಯಾಗಿ ಬೆಳೆಸಿದ್ದಾನೆ. ಮಕ್ಕಳ ಧಾಟಿ ಎಂದು ಆ ಮಹಾ ಸಂಗೀತಗಾರ ಮೂಗು ಮುರಿಯಲಿಲ್ಲ.

ಅದೇ ಕಾಲಕ್ಕೆ ನಮ್ಮ ದಕ್ಷಿಣದಲ್ಲಿ ಏನಾಯಿತು ನೋಡಿ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಎಳೆಯ ವಯಸ್ಸಿನಲ್ಲಿ ಮದರಾಸಿನ ಹತ್ತಿರದ ಮಣಲಿಯಲ್ಲಿದ್ದರು. ಅಲ್ಲಿ ಇಂಗ್ಲಿಷರ ಬ್ಯಾಂಡ್ ಸಂಗೀತ ಕಿವಿಗೆ ಬಿತ್ತು. ಆ ಧಾಟಿಗಳಿಗೆ ಅವರು ಸಂಸ್ಕೃತದಲ್ಲಿ ದೇವತಾ ಸ್ತುತಿಗಳನ್ನು ರಚಿಸಿದರು. ಹೀಗೆ ಸುಮಾರು 40 ರಚನೆಗಳಿವೆ. ಅವಕ್ಕೆ 'ನೋಟ್ಟುಸ್ವರ' ಎಂದು ಹೆಸರು. 'ನೋಟ್' ಎಂಬ ಇಂಗ್ಲಿಷ್ ಪದ ಆ ಹೆಸರಿನಲ್ಲೇ ಕುಳಿತಿದೆ. 'ಸಂತತಂ ಪಾಹಿ ಮಾಂ' ಎಂಬ ರಚನೆ ಇಂಗ್ಲೆಂಡಿನ ರಾಜಗೀತೆಯ ಧಾಟಿಯದು. 'ಶ್ಯಾಮಲೇ ಮೀನಾಕ್ಷಿ' ಎಂಬ ಇನ್ನೊಂದನ್ನು ಕೇಳಿದರೆ ನಿಮ್ಮ ಟ್ವಿಂಕಲ್ ನೆನಪಾಗದೆ ಇರದು. ಅರಸನನ್ನು ಹೊಗಳಲು ಹುಟ್ಟಿದ ಧಾಟಿ ಇಲ್ಲಿ ಬಂದು ದೇವಿಯನ್ನು ಹೊಗಳಿತು. ಆ ರಾಜಗೀತೆಯ ಧಾಟಿಗೇ ಅಮೆರಿಕದವರು 1831ರಲ್ಲಿ ತಮ್ಮ ದೇಶಭಕ್ತಿಗೀತೆಯನ್ನು ಹೊಂದಿಸಿಕೊಂಡರು. ಯುರೋಪಿನ ಪುಟ್ಟ ದೇಶ ಲಿಕ್ಟೆನ್‌ಸ್ಟೈನ್‌ನ ರಾಷ್ಟ್ರಗೀತೆಗೆ ಇಂದಿಗೂ ಅದೇ ಧಾಟಿ.

ಧಾಟಿಯ ಹಾಗೆ ವಾದ್ಯವೂ ಬಂತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯರ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಛೇರಿ ಅಪರೂಪ. ಪಾಶ್ಚಾತ್ಯರು ನಿಂತು, ಗಲ್ಲಕ್ಕೆ ಒತ್ತಿ ಹಿಡಿಯುವ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ಪಾದಕ್ಕೆ ಊರಿ ಹಿಡಿದರು. ಹಾಗೆ ಹಿಡಿದರೆ ಎಡಗೈ ಸಲೀಸಾಗಿ ಜಾರುತ್ತದೆ, ಗಮಕ ಬರುತ್ತದೆ. ಮುಂದೆ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ನಾಲ್ಕು ತಂತಿಯ ಆ ವಾದ್ಯವನ್ನು ಏಳು ತಂತಿಯದನ್ನಾಗಿ ಮಾಡಿದರು. ಮೈಕು ಇಲ್ಲದ ಸಭೆಯಲ್ಲಿ ಕೊನೆಯ ಸಾಲಿನವನಿಗೂ ನಾದ ಮುಟ್ಟಬೇಕಿತ್ತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎರವಲು ತಂದ ವಾದ್ಯ ಆ ಹೊತ್ತಿಗೆ ನಮ್ಮ ಮನೆಯ ಮಗುವಾಗಿತ್ತು.

ನಮ್ಮ ನಾಟಕದ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯ ಕಥೆಯೂ ಅದೇ. ಅದು 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರೂಪುಗೊಂಡ ವಾದ್ಯ. ಕಾಲಲ್ಲಿ ಗಾಳಿ ಒತ್ತುವ ಪೆಟ್ಟಿಗೆ ಕಂಪನಿ ನಾಟಕಗಳಿಗೆ ಬಂತು, ಕೈಯಲ್ಲಿ ಒತ್ತುವ ಪೆಟ್ಟಿಗೆ ಭಜನಾ ಮಂದಿರಕ್ಕೆ ಬಂತು. ರಾಮನವಮಿಯ ಭಜನೆಯಲ್ಲಿ ಅದರ ಮುಂದೆ ಕುಳಿತವರಿಗೆ ಪ್ಯಾರಿಸ್ ನೆನಪಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಆದರೆ ಒಮ್ಮೆ ತಿಳಿದುಕೊಂಡರೆ ನಷ್ಟವಿಲ್ಲ.

ಸಂಗೀತದಲ್ಲಿ ಎರವಲು ಸಂಕೋಚದ ವಿಷಯವೇ ಅಲ್ಲ. ರಾಗ ಎಂದರೇ ಎಲ್ಲರಿಗೂ ಸೇರಿದ ಬಾವಿ. ಕಲ್ಯಾಣಿಯಲ್ಲಿ ಒಬ್ಬರು ಕೃತಿ ರಚಿಸಿದರು ಎಂದು ಇನ್ನೊಬ್ಬರು ಸುಮ್ಮನಿರುವುದಿಲ್ಲ. ಹಂಸಧ್ವನಿ ರಾಗವನ್ನೇ ನೋಡಿ. ಸ, ರಿ, ಗ, ಪ, ನಿ, ಐದೇ ಸ್ವರ. ಅದನ್ನು ಕಂಡುಕೊಂಡವರು ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಎಂದು ಪರಂಪರೆ ಹೇಳುತ್ತದೆ. ಮಗ ಅದರಲ್ಲಿ 'ವಾತಾಪಿ ಗಣಪತಿಂ' ರಚಿಸಿದರು. ಆ ರಾಗ ಉತ್ತರಕ್ಕೆ ಹೋಗಿ, ಭೆಂಡಿ ಬಜಾರ್ ಘರಾನೆಯ ಅಮಾನ್ ಅಲಿ ಖಾನರ ಕೈಯಲ್ಲಿ ಹಿಂದೂಸ್ತಾನಿ ಬಂದಿಶ್ ಆಯಿತು. ಅಲ್ಲಿಂದ ಸಲೀಲ್ ಚೌಧರಿಯವರ ಮೂಲಕ 1956ರ 'ಪರಿವಾರ್' ಎಂಬ ಹಿಂದಿ ಚಿತ್ರದ ಹಾಡಿಗೆ ಇಳಿಯಿತು. ಅದೇ ಸಲೀಲ್ ಚೌಧರಿಯವರು ಮೊಜಾರ್ಟನ 40ನೆಯ ಸಿಂಫೊನಿಯ ಆರಂಭವನ್ನು 1961ರ 'ಛಾಯಾ' ಚಿತ್ರದ ಒಂದು ಪ್ರೇಮಗೀತೆಗೆ ತಂದರು. ಮೂಲ ಬಲ್ಲವರು ಕೇಳಿದೊಡನೆ ಗುರುತಿಸುತ್ತಾರೆ, ಆದರೂ ಅದು ಹಿಂದಿ ಹಾಡೇ.

ಇನ್ನು ಕಥೆಗಳ ಕಡೆ ಬರೋಣ. ವೈಜ್ಞಾನಿಕ ಕಥೆ ಎಂದರೆ ಎಲ್ಲವೂ ಹೊಚ್ಚಹೊಸದು ಎಂದು ನಮ್ಮ ಊಹೆ. ರಾಕೆಟ್ಟು, ರೋಬೋಟು, ಬೇರೆ ಗ್ರಹದ ಜೀವಿ. ಹತ್ತಿರ ಹೋಗಿ ನೋಡಿದರೆ ಹೆಪ್ಪು ಹಳೆಯದೇ.

ಮೊದಲ ವೈಜ್ಞಾನಿಕ ಕಾದಂಬರಿ ಎಂದು ಹಲವರು ಹೇಳುವುದು ಮೇರಿ ಶೆಲ್ಲಿ ಬರೆದ 'ಫ್ರಾಂಕೆನ್‌ಸ್ಟೈನ್'. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಮನೆಯೊಳಗೆ ಸಿಕ್ಕಿಕೊಂಡ ಗೆಳೆಯರು, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದುಕೊಂಡರು. ಮೇರಿಗೆ ಆಗ 18 ವರ್ಷ, ನಮ್ಮ ಪಿಯುಸಿ ಮುಗಿಸಿದ ಹುಡುಗಿಯ ವಯಸ್ಸು. ವಿಜ್ಞಾನಿಯೊಬ್ಬ ಜೀವವನ್ನು ಸೃಷ್ಟಿಸಿ, ಹುಟ್ಟಿದ್ದನ್ನು ನೋಡಿ ಹೆದರಿ ಕೈಬಿಟ್ಟು ಓಡುವ ಕಥೆಯನ್ನು ಆಕೆ ಬರೆದಳು. ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ ತಾಗಿಸಿದರೆ ಅದು ಜಾಡಿಸುತ್ತದೆ ಎಂದು ಇಟಲಿಯ ಗಾಲ್ವಾನಿ ತೋರಿಸಿದ್ದು ಆಗಿನ ಕಾಲದ ಮಾತಾಗಿತ್ತು. ಅದು ಆಕೆಗೆ ವಿಜ್ಞಾನದಿಂದ ಬಂದದ್ದು. ಇನ್ನೊಂದು ಬಂದದ್ದು ಪುರಾಣದಿಂದ. ದೇವತೆಗಳ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟು ಶಿಕ್ಷೆ ಉಂಡ ಗ್ರೀಕರ ಪ್ರೊಮಿಥಿಯಸ್‌ನ ಕಥೆ ಅದು. ಆಕೆ ಅದನ್ನು ಬಚ್ಚಿಡಲಿಲ್ಲ. 'ಆಧುನಿಕ ಪ್ರೊಮಿಥಿಯಸ್' ಎಂದು ಪುಸ್ತಕಕ್ಕೆ ಉಪಶೀರ್ಷಿಕೆಯನ್ನೇ ಕೊಟ್ಟಳು. ವಿಚಿತ್ರವೆಂದರೆ 1818ರ ಮೊದಲ ಮುದ್ರಣದಲ್ಲಿ ಪುರಾಣದವನ ಹೆಸರಿತ್ತು, ಬರೆದವಳ ಹೆಸರು ಇರಲಿಲ್ಲ.

ನೂರು ವರ್ಷ ಕಳೆದು ಅದೇ ಹೆಪ್ಪು ಚೆಕ್ ನಾಡಿನ ಕಾರೆಲ್ ಚಾಪೆಕ್ ಕೈಗೆ ಬಂತು. ಕಾರ್ಖಾನೆಯಲ್ಲಿ ಮನುಷ್ಯರಂಥ ಆಳುಗಳನ್ನು ತಯಾರಿಸಿ ಮಾರುವ, ಕೊನೆಗೆ ಆ ಆಳುಗಳು ದಂಗೆ ಏಳುವ ನಾಟಕವನ್ನು ಆತ 1920ರಲ್ಲಿ ಪ್ರಕಟಿಸಿದ. ಆಳುಗಳಿಗೆ 'ರೋಬೋಟ್' ಎಂದು ಹೆಸರಿಟ್ಟ. ಚೆಕ್ ಭಾಷೆಯಲ್ಲಿ 'ರೊಬೊಟಾ' ಎಂದರೆ ಏನು ಗೊತ್ತೇ? ಬಿಟ್ಟಿ ಚಾಕರಿ. ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೌಡರ ಹೊಲದಲ್ಲಿ ಕೂಲಿಯಿಲ್ಲದೆ ದುಡಿದ ನೋವು ಬೇರೆ ದೇಶದಲ್ಲೂ ಇತ್ತು, ಅದೇ ಇಂದು ಜಗತ್ತೆಲ್ಲ ಬಳಸುವ ಪದವಾಗಿದೆ. ಈ ಹೆಸರು ತನಗೆ ಹೊಳೆದದ್ದಲ್ಲ, ಅಣ್ಣ ಯೋಸೆಫ್ ಸೂಚಿಸಿದ್ದು ಎಂದು ಕಾರೆಲ್ ತಾನೇ ಬರೆದು ತಿಳಿಸಿದ. ಆತ ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುಂದೆ ಬಂದವರು ಅಮೆರಿಕದ ಐಸಾಕ್ ಅಸಿಮೋವ್. ಸೃಷ್ಟಿ ಸೃಷ್ಟಿಕರ್ತನನ್ನೇ ಕೊಲ್ಲುವ ಕಥೆಗಳನ್ನು ಓದಿ ಓದಿ ಅವರಿಗೆ ಸಾಕಾಗಿತ್ತು. ಚಾಕುವಿಗೆ ಹಿಡಿ ಇರುತ್ತದೆ, ವಿದ್ಯುತ್ ತಂತಿಗೆ ಹೊದಿಕೆ ಇರುತ್ತದೆ, ಹಾಗೆ ರೋಬೋಟಿಗೂ ಕಟ್ಟುಪಾಡು ಇರಬೇಡವೇ ಎಂಬುದು ಅವರ ವಾದ. 1942ರ ಒಂದು ಕಥೆಯಲ್ಲಿ ಮೂರು ನಿಯಮಗಳನ್ನು ಬರೆದರು. ರೋಬೋಟ್ ಮನುಷ್ಯನಿಗೆ ಕೇಡು ಮಾಡಬಾರದು. ಮನುಷ್ಯನ ಮಾತು ಕೇಳಬೇಕು. ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಆದರೆ ಮೊದಲನೆಯದಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಎರಡನೆಯದು, ಎರಡಕ್ಕೂ ಅಡ್ಡಿಯಾಗದಿದ್ದರೆ ಮಾತ್ರ ಮೂರನೆಯದು. ಈ ನಿಯಮಗಳನ್ನು ಹೇಳಿಕೊಟ್ಟವರು ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಎಂದು ಅಸಿಮೋವ್ ಹೇಳಿದರು. ಇಲ್ಲ, ನಿನ್ನ ಕಥೆಗಳಲ್ಲಿ ಇದ್ದದ್ದನ್ನೇ ನಾನು ಹೆಕ್ಕಿ ಹೇಳಿದೆ ಎಂದರು ಕ್ಯಾಂಪ್‌ಬೆಲ್. ಆಸ್ತಿಗೆ ಜಗಳವಾಡುವ ಅಣ್ಣತಮ್ಮಂದಿರನ್ನು ನೋಡಿದ್ದೇವೆ. ಇದು ನಿನ್ನದು ಇಟ್ಟುಕೋ ಎಂದು ಜಗಳವಾಡಿದವರು ಇವರು.

ಇನ್ನೊಂದು ಪುಟ್ಟ ಉದಾಹರಣೆ. ನಕ್ಷತ್ರದಿಂದ ನಕ್ಷತ್ರಕ್ಕೆ ಸುದ್ದಿ ಕಳಿಸಲು ಬೆಳಕಿನ ವೇಗದಲ್ಲೂ ವರ್ಷಗಳು ಬೇಕು. ಕಥೆ ನಡೆಯುವುದು ಹೇಗೆ? ಉರ್ಸುಲಾ ಲೆ ಗ್ವಿನ್ ಎಂಬ ಲೇಖಕಿ 1966ರ ಕಾದಂಬರಿಯಲ್ಲಿ ತಕ್ಷಣ ಸುದ್ದಿ ಮುಟ್ಟಿಸುವ ಯಂತ್ರವೊಂದನ್ನು ಕಲ್ಪಿಸಿ 'ಆನ್ಸಿಬಲ್' ಎಂದು ಕರೆದರು. ಆಮೇಲೆ ಬಂದ ಹಲವರು ಆ ಪದವನ್ನೇ ಬಳಸಿದರು. ಆರ್ಸನ್ ಸ್ಕಾಟ್ ಕಾರ್ಡ್ ಎಂಬ ಲೇಖಕರ 1985ರ ಕಾದಂಬರಿಯಲ್ಲಿ ಒಂದು ಪಾತ್ರ, ಈ ಹೆಸರನ್ನು ಯಾರೋ ಹಳೆಯ ಪುಸ್ತಕದಿಂದ ತೆಗೆದದ್ದು ಎನ್ನುತ್ತದೆ. ಕಥೆಯ ಒಳಗೇ ಸಾಲ ತೀರಿಸಿದ ಹಾಗಾಯಿತು.

ನಮ್ಮ ದೇಶದಲ್ಲೂ ಈ ಪರಂಪರೆ ಹಳೆಯದು. ವಿಜ್ಞಾನಿ ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದು ನಡೆಸಿದ ಸ್ಪರ್ಧೆ ಅದು, ಕಥೆಯಲ್ಲಿ ಆ ಎಣ್ಣೆಯ ಹೆಸರು ಬರಲೇಬೇಕು. ಹಡಗಿನಲ್ಲಿ ಹೋಗುವವನೊಬ್ಬ ಚಂಡಮಾರುತಕ್ಕೆ ಸಿಕ್ಕಿ, ಎಣ್ಣೆಯ ಸೀಸೆಯನ್ನು ಸಮುದ್ರಕ್ಕೆ ಎಸೆಯುತ್ತಾನೆ, ಅಲೆಗಳು ತಣ್ಣಗಾಗುತ್ತವೆ. ಎಣ್ಣೆ ಅಲೆಯನ್ನು ತಗ್ಗಿಸುತ್ತದೆ ಎಂಬುದು ನಾವಿಕರ ಹಳೆಯ ಅನುಭವ. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಇಂಗ್ಲೆಂಡಿನ ಕೊಳವೊಂದರಲ್ಲಿ ಪರೀಕ್ಷಿಸಿಯೂ ನೋಡಿದ್ದ. ಬೋಸರು ಅದನ್ನು ತಮಾಷೆಯಾಗಿ ಬೆಳೆಸಿದರು, ಬಹುಮಾನವನ್ನೂ ಗೆದ್ದರು. ಮರಾಠಿಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್, ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಈ ಬಗೆಯ ಬರವಣಿಗೆಯನ್ನು ಬೆಳೆಸಿದರು.

ಇಷ್ಟು ಹೊತ್ತು ಕೈಯಿಂದ ಕೈಗೆ ಬಂದದ್ದನ್ನು ಹೇಳಿದೆ. ಯಾರೂ ಕೊಡದೆ, ಯಾರೂ ತರದೆ, ಬೇರೆ ಬೇರೆ ನಾಡಿನಲ್ಲಿ ಮತ್ತೆ ಮತ್ತೆ ಹುಟ್ಟುವ ಕಥೆಗಳೂ ಇವೆ.

ಭಾಗವತದಲ್ಲಿ ಕಕುದ್ಮಿ ಎಂಬ ರಾಜನ ಕಥೆ ಬರುತ್ತದೆ. ಮಗಳು ರೇವತಿಗೆ ಯಾವ ವರ ತಕ್ಕವನು ಎಂದು ಬ್ರಹ್ಮನನ್ನೇ ಕೇಳೋಣವೆಂದು ಮಗಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆದಿರುತ್ತದೆ. ನಡುವೆ ಮಾತಾಡಬಾರದೆಂದು ಹಾಡು ಮುಗಿಯುವತನಕ ಕಾಯುತ್ತಾನೆ. ಮುಗಿದ ಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ. ನೀನು ಕಾದ ಈ ಗಳಿಗೆಯಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದವು, ನೀನು ಮನಸ್ಸಿನಲ್ಲಿಟ್ಟುಕೊಂಡ ವರರ ಮೊಮ್ಮಕ್ಕಳ ಹೆಸರೂ ಈಗ ಕೇಳಿಬರುವುದಿಲ್ಲ ಎನ್ನುತ್ತಾನೆ. ಜಪಾನಿನಲ್ಲಿ ಉರಶಿಮಾ ಎಂಬ ಬೆಸ್ತನ ಕಥೆಯಿದೆ. ಸಮುದ್ರದಡಿಯ ಅರಮನೆಯಲ್ಲಿ ಕೆಲವು ದಿನ ಇದ್ದು ಊರಿಗೆ ಮರಳಿದರೆ ನೂರಾರು ವರ್ಷ ಕಳೆದಿರುತ್ತದೆ. ಅಮೆರಿಕದ ವಾಷಿಂಗ್ಟನ್ ಅರ್ವಿಂಗ್ 1819ರಲ್ಲಿ ಬರೆದ ರಿಪ್ ವ್ಯಾನ್ ವಿಂಕಲ್ ಬೆಟ್ಟದಲ್ಲಿ ಮಲಗಿ ಏಳುವಾಗ 20 ವರ್ಷ ಆಗಿರುತ್ತದೆ. ಅರ್ವಿಂಗ್‌ಗೆ ಆಧಾರ ಒಂದು ಜರ್ಮನ್ ಜನಪದ ಕಥೆ. 2014ರ 'ಇಂಟರ್‌ಸ್ಟೆಲ್ಲರ್' ಚಿತ್ರದಲ್ಲಿ ಕಪ್ಪುಕುಳಿಯ ಹತ್ತಿರದ ಗ್ರಹವೊಂದರಲ್ಲಿ ಒಂದು ಗಂಟೆ ಕಳೆದರೆ ಭೂಮಿಯ ಮೇಲೆ ಏಳು ವರ್ಷ. ತಂದೆ ಹಿಂದಿರುಗುವ ಹೊತ್ತಿಗೆ ಮಗಳು ಮುದುಕಿ.

ಇಷ್ಟು ಕೇಳಿದ ಮೇಲೆ, ಐನ್‌ಸ್ಟೈನ್ ಹೇಳಿದ್ದು ನಮ್ಮ ಪುರಾಣದಲ್ಲೇ ಇತ್ತು ಎಂದು ಯಾರಾದರೂ ಹೇಳಲು ಹೊರಟರೆ ನಾನು ಒಪ್ಪುವುದಿಲ್ಲ. ಪುರಾಣ ಕೊಟ್ಟದ್ದು ಬೆರಗು. ಆ ಬೆರಗು ಜಪಾನಿನ ಬೆಸ್ತರಿಗೂ ಇತ್ತು. ಎಷ್ಟು ವೇಗಕ್ಕೆ ಎಷ್ಟು ಹೊತ್ತು ವ್ಯತ್ಯಾಸ ಎಂಬ ಲೆಕ್ಕವನ್ನು ಕೊಟ್ಟದ್ದು 1905ರ ಐನ್‌ಸ್ಟೈನರ ಸಿದ್ಧಾಂತ. ಲೆಕ್ಕವಾದ್ದರಿಂದ ಪರೀಕ್ಷಿಸಬಹುದಿತ್ತು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನದಲ್ಲಿಟ್ಟುಕೊಂಡು ಭೂಮಿ ಸುತ್ತಿಬಂದರು. ಪೂರ್ವಕ್ಕೆ ಸುತ್ತಿದಾಗ ಗಡಿಯಾರ 59 ನ್ಯಾನೋಸೆಕೆಂಡ್ ಹಿಂದುಳಿದಿತ್ತು, ಪಶ್ಚಿಮಕ್ಕೆ ಸುತ್ತಿದಾಗ 273 ನ್ಯಾನೋಸೆಕೆಂಡ್ ಮುಂದಿತ್ತು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಸೆಕೆಂಡ್ ಎಂದು ಹೆಸರು. ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಉಪಗ್ರಹಗಳ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ವೇಗವಾಗಿ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ದಾರಿ ತಪ್ಪುತ್ತದೆ. ಕಥೆಗೆ ಅದರ ಗೌರವ, ಲೆಕ್ಕಕ್ಕೆ ಅದರ ಗೌರವ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಈ ಕಥೆ ಎಲ್ಲ ಕಡೆ ಯಾಕೆ ಹುಟ್ಟುತ್ತದೆ? ಹೊರಗಿನಿಂದ ಬಂದಿರುವ ನನ್ನ ಹಳೆಯ ಸಹಪಾಠಿಗಳನ್ನು ಕೇಳಿ. ಬಸ್ಸು ಇಳಿದು ನಡೆದು ಬರುವಾಗ ಇದ್ದ ಮರ ಇಲ್ಲ, ಗುರುತಿನ ಅಂಗಡಿ ಇಲ್ಲ, ಎದುರು ಸಿಕ್ಕ ಹುಡುಗ ಯಾರ ಮಗನೋ ಗೊತ್ತಿಲ್ಲ. ಕಕುದ್ಮಿ ಆಗುವುದಕ್ಕೆ ಬ್ರಹ್ಮಲೋಕಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿಗೋ ಮುಂಬಯಿಗೋ ಹೋದರೂ ಸಾಕು. ಮನುಷ್ಯರ ಭಯ, ಆಸೆಗಳು ನಾಲ್ಕಾರೇ. ಅವುಗಳ ಸುತ್ತ ಕಥೆ ಕಟ್ಟುವವರು ಸಾವಿರಾರು. ಹಾಗಾಗಿ, "ಎಲ್ಲಾ ಬರೆದುಬಿಟ್ಟಿದ್ದಾರೆ" ಎಂದು ಖಾಲಿ ಹಾಳೆ ಹಿಡಿದು ಕುಳಿತ ಮಗುವಿಗೆ ನನ್ನ ಉತ್ತರ ಇಷ್ಟೇ. ಕಕುದ್ಮಿಯ ಕಥೆ ಇದೆ ನಿಜ, ನಿನ್ನ ಊರಿಗೆ ಮರಳಿ ಬಂದವನ ಕಥೆ ಇನ್ನೂ ಯಾರೂ ಬರೆದಿಲ್ಲ, ಬರಿ.

ಸಂಗೀತ ಮತ್ತು ವೈಜ್ಞಾನಿಕ ಕಥೆ ಪರಸ್ಪರ ಎರವಲು ಪಡೆದದ್ದೂ ಉಂಟು. 1892ರಲ್ಲಿ ಹ್ಯಾರಿ ಡೇಕರ್ ಎಂಬವನು ಡೈಸಿ ಎಂಬ ಹುಡುಗಿಯ ಮೇಲೆ ಒಂದು ಪ್ರೇಮದ ಹಾಡು ಬರೆದ. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಕಂಪ್ಯೂಟರಿನಿಂದ ಹಾಡಿಸಿದ್ದು ಆ ಹಾಡನ್ನೇ. ಅಲ್ಲಿಗೆ ಹೋಗಿದ್ದ ಲೇಖಕ ಆರ್ಥರ್ ಕ್ಲಾರ್ಕ್ ಅದನ್ನು ಕೇಳಿದರು. 1968ರಲ್ಲಿ ಅವರೂ ನಿರ್ದೇಶಕ ಕುಬ್ರಿಕ್‌ರೂ ಕೂಡಿ ಬರೆದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ, ಮನುಷ್ಯರನ್ನು ಕೊಂದ ಹ್ಯಾಲ್ ಎಂಬ ಕಂಪ್ಯೂಟರನ್ನು ಆರಿಸುತ್ತಾ ಹೋದಂತೆ ಅದು ಮಗುವಿನ ಹಾಗೆ ತೊದಲುತ್ತಾ ಆ ಹಾಡನ್ನೇ ಹಾಡುತ್ತದೆ. ಪ್ರೇಮದ ಹಾಡು ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಂದ ಸಾವಿನ ಹಾಡಾಗಿ ಹೊರಬಂತು. ಅಕ್ಷರ ಒಂದೂ ಹೊಸದಲ್ಲ, ಅರ್ಥ ಪೂರ್ತಿ ಹೊಸದು.

ಎಲ್ಲ ಎರವಲೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ 'ಮೈ ಸ್ವೀಟ್ ಲಾರ್ಡ್' ಎಂಬ ಭಕ್ತಿಗೀತೆ ಹಾಡಿದರು. ಅದರಲ್ಲಿ ಹರೇಕೃಷ್ಣ ನಾಮವೂ ಬರುತ್ತದೆ. ಧಾಟಿ ಮಾತ್ರ 1963ರ ಇನ್ನೊಂದು ಹಾಡಿನದು ಎಂದು ದಾವೆ ಬಿತ್ತು. ಬೇಕೆಂದು ಕದ್ದದ್ದಲ್ಲ, ಎಂದೋ ಕೇಳಿದ್ದು ಒಳಮನಸ್ಸಿನಲ್ಲಿ ಉಳಿದು ತನ್ನದೆಂಬಂತೆ ಹೊರಬಂದಿದೆ, ಆದರೂ ಅದು ಹಕ್ಕಿನ ಉಲ್ಲಂಘನೆಯೇ ಎಂದು 1976ರಲ್ಲಿ ನ್ಯಾಯಾಲಯ ಹೇಳಿತು. ಕಿವಿಗೆ ಬಿದ್ದದ್ದು ಎಲ್ಲಿಂದ ಬಂತೆಂದು ನಮಗೇ ಮರೆತುಹೋಗುತ್ತದೆ, ಅದಕ್ಕೇ ಬರೆದಿಟ್ಟುಕೊಳ್ಳಬೇಕು.

ಸತ್ಯಜಿತ್ ರಾಯ್ 1962ರಲ್ಲಿ ಬೇರೆ ಗ್ರಹದ ಸಾಧುಜೀವಿಯೊಂದು ಬಂಗಾಳದ ಹಳ್ಳಿಗೆ ಬರುವ ಕಥೆ ಬರೆದರು. ಅದರ ಎಳೆಯಿಂದ 1967ರಲ್ಲಿ 'ದಿ ಏಲಿಯನ್' ಎಂಬ ಚಿತ್ರಕಥೆ ಮಾಡಿದರು. ಹಾಲಿವುಡ್‌ನಲ್ಲಿ ಮಾತುಕತೆ ನಡೆದು ಚಿತ್ರ ಆಗಲಿಲ್ಲ. 1982ರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶನದ 'ಇ.ಟಿ.' ಬಂದಾಗ, ಪ್ರತಿಗಳಾಗಿ ಅಮೆರಿಕದಲ್ಲಿ ಓಡಾಡಿದ್ದ ತಮ್ಮ ಚಿತ್ರಕಥೆ ಇಲ್ಲದೆ ಇದು ಆಗುತ್ತಿರಲಿಲ್ಲ ಎಂದು ರಾಯ್ ಹೇಳಿದರು. ಸ್ಪೀಲ್‌ಬರ್ಗ್ ಅದನ್ನು ನಿರಾಕರಿಸಿದರು. ಅವರು ಕೋರ್ಟಿಗೆ ಹೋಗಲಿಲ್ಲ. ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಸಾಧುಜೀವಿಯೊಂದು ಮಗುವಿನ ಗೆಳೆಯನಾಗುವ ಕಲ್ಪನೆ ಇಬ್ಬರಿಗೂ ಹೊಳೆಯಬಹುದು, ಒಬ್ಬರಿಂದ ಇನ್ನೊಬ್ಬರಿಗೆ ದಾಟಲೂಬಹುದು. ಇಂಥಲ್ಲಿ ಗೆರೆ ಎಳೆಯುವುದು ಕಷ್ಟ.

ನಮ್ಮ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆ ಗೆರೆಯನ್ನು ಎಳೆಯಿತು. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕದ ವಸ್ತುವನ್ನೇ 'ನ್ಯೂ ಡೆಲ್ಲಿ' ಎಂಬ ಹಿಂದಿ ಚಿತ್ರ ತೆಗೆದುಕೊಂಡಿದೆ ಎಂದು ದಾವೆ ಹೂಡಿದ್ದರು. ಕಲ್ಪನೆಗೆ, ವಸ್ತುವಿಗೆ, ಪುರಾಣ ಇತಿಹಾಸದ ಸಂಗತಿಗೆ ಯಾರ ಹಕ್ಕೂ ಇಲ್ಲ. ಅದನ್ನು ಒಬ್ಬರು ಕಟ್ಟಿ ಹೇಳಿದ ರೀತಿಗೆ ಮಾತ್ರ ಹಕ್ಕು ಎಂದು ನ್ಯಾಯಾಲಯ ಹೇಳಿತು. ಹೆಪ್ಪು ಎಲ್ಲರದು, ಗಡಿಗೆ ಅವರವರದು. ಆ ಹಕ್ಕೂ ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ 60 ವರ್ಷದವರೆಗೆ. ಆಮೇಲೆ ಕೃತಿ ಲೋಕಕ್ಕೆ ಸೇರಿದ್ದು.

ಕಾನೂನು ಅಲ್ಲಿಗೆ ನಿಲ್ಲುತ್ತದೆ, ಮರ್ಯಾದೆ ಅಲ್ಲಿಗೆ ನಿಲ್ಲಬಾರದು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು, ಪುಸ್ತಕಕ್ಕೆ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟರು. ಹೊಸಗನ್ನಡ ಕವಿತೆಗೆ ದಾರಿ ಮಾಡಿದ ಪುಸ್ತಕ, ಎಲ್ಲಿಂದ ತಂದೆ ಎಂಬುದನ್ನು ರಕ್ಷಾಪುಟದ ಮೇಲೇ ಹೇಳಿಕೊಂಡಿತು. ಅದರಿಂದ ಅವರ ಘನತೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಈಗ ನಮ್ಮ ಊರಿನ ಮಾತು. ಬೀಸುವ ಪದ, ಸೋಬಾನೆ, ಕೋಲಾಟದ ಪದ, ಇವೆಲ್ಲ ಹೇಗೆ ಬಂದವು? ಮದುವೆಯಾಗಿ ಬಂದ ಹೆಣ್ಣುಮಗಳು ಸೀರೆ ಪಾತ್ರೆಗಳ ಜೊತೆ ತವರಿನ ಹಾಡುಗಳನ್ನೂ ತಂದಳು. ಇಲ್ಲಿನ ಅತ್ತೆಯ ಹಾಡಿಗೆ ಅದನ್ನು ಸೇರಿಸಿದಳು, ಮಗಳಿಗೆ ಕಲಿಸಿ ಇನ್ನೊಂದು ಊರಿಗೆ ಕಳಿಸಿದಳು. ಮೊಜಾರ್ಟನ ಧಾಟಿ ನಡೆದಷ್ಟು ದೂರ ಇವೂ ನಡೆದಿವೆ, ಆದರೆ ಲೆಕ್ಕ ಇಟ್ಟವರಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಎಷ್ಟೋ ತ್ರಿಪದಿಗಳು ಉಳಿದವು. ಇಂದು ಜನಪದ ಧಾಟಿ ಸಿನಿಮಾಕ್ಕೋ ಆಲ್ಬಮ್ಮಿಗೋ ಹೋದರೆ, ಬರೆದವರ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ 'ಜಾನಪದ' ಎಂಬ ಒಂದೇ ಪದ ಇರುತ್ತದೆ. ಹಾಡಿ ಉಳಿಸಿದ ಅಜ್ಜಿಯ ಹೆಸರು ಎಲ್ಲೂ ಇರುವುದಿಲ್ಲ. ಇನ್ನು ಹತ್ತು ವರ್ಷ ಕಳೆದರೆ ಕೇಳೋಣವೆಂದರೆ ಅಜ್ಜಿಯರೂ ಇರುವುದಿಲ್ಲ.

ಹಾಗಾಗಿ ಮುಖ್ಯೋಪಾಧ್ಯಾಯರಲ್ಲಿ, ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಪ್ರತಿ ಮಗುವೂ ಈ ವರ್ಷ ಮನೆಯ ಅಥವಾ ಓಣಿಯ ಹಿರಿಯರೊಬ್ಬರಿಂದ ಒಂದು ಹಾಡನ್ನು ಕೇಳಿ ಬರೆದುಕೊಳ್ಳಲಿ. ಮೊಬೈಲ್ ಇದ್ದರೆ ದನಿಯನ್ನೂ ಹಿಡಿದಿಡಲಿ. ಹಾಡಿನ ಕೆಳಗೆ ಹಾಡಿದವರ ಹೆಸರು, ಅವರ ತವರೂರು, ಅವರಿಗೆ ಕಲಿಸಿದವರು ಯಾರು, ಬರೆದುಕೊಂಡ ದಿನ ಯಾವುದು, ಇಷ್ಟನ್ನು ಬರೆಯಲಿ. ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಅವನ್ನು ಸೇರಿಸಿ ಶಾಲೆಯ ಗ್ರಂಥಾಲಯದಲ್ಲಿಡೋಣ. ಪುಸ್ತಕ, ಬೈಂಡಿಂಗು, ದನಿ ಉಳಿಸಿಡುವ ಖರ್ಚು ಹಳೆಯ ವಿದ್ಯಾರ್ಥಿಗಳದು. ನನ್ನ ಪಾಲನ್ನು ಇವತ್ತೇ ಕೊಟ್ಟು ಹೋಗುತ್ತೇನೆ.

ಮಕ್ಕಳೇ, ನಿಮಗೂ ಒಂದು ಮಾತು. ಮೊಬೈಲಿನಿಂದ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಮಾದರಿ ಮಾಡಿದಾಗ, ಪ್ರಬಂಧ ಬರೆದಾಗ ಕೊನೆಯಲ್ಲಿ ಎರಡು ಸಾಲು ಸೇರಿಸಿ. ಇದು ಎಲ್ಲಿಂದ ಬಂತು ಎಂಬುದು ಮೊದಲ ಸಾಲು, ಇದರಲ್ಲಿ ನಾನು ಸೇರಿಸಿದ್ದೇನು ಎಂಬುದು ಎರಡನೆಯ ಸಾಲು. ಎರಡನೆಯ ಸಾಲು ಖಾಲಿ ಉಳಿದರೆ ಕೆಲಸ ಇನ್ನೂ ಮುಗಿದಿಲ್ಲ ಎಂದು ನಿಮಗೇ ತಿಳಿಯುತ್ತದೆ.

ಮುಗಿಸುವ ಮುಂಚೆ ಒಂದು ಸಂತೋಷದ ಸಂಗತಿ. 1977ರಲ್ಲಿ ಅಮೆರಿಕ ಎರಡು ವಾಯೇಜರ್ ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಎರಡರಲ್ಲೂ ಚಿನ್ನದ ಲೇಪವಿರುವ ತಾಮ್ರದ ಗ್ರಾಮಫೋನ್ ತಟ್ಟೆಯಿದೆ. ಎಂದಾದರೂ, ಯಾರಾದರೂ ಕೇಳಲಿ ಎಂದು ಅದರಲ್ಲಿ ಭೂಮಿಯ ಸಂಗೀತವನ್ನೂ 55 ಭಾಷೆಗಳ ಶುಭಾಶಯವನ್ನೂ ಹಾಕಿದ್ದಾರೆ. ಸಂಗೀತದಲ್ಲಿ ಕೇಸರಬಾಯಿ ಕೇರಕರ್ ಅವರ ಭೈರವಿ ಇದೆ. ಭಾಷೆಗಳಲ್ಲಿ ನಮ್ಮ ಕನ್ನಡ ಇದೆ. ಎರಡೇ ವರ್ಷದಲ್ಲಿ ಸ್ಟಾರ್ ಟ್ರೆಕ್ ಎಂಬ ಸಿನಿಮಾದವರು ಆ ನೌಕೆಯನ್ನೇ ಎರವಲು ಪಡೆದು, ಅದು ಬುದ್ಧಿ ಬಲಿತು ತನ್ನನ್ನು ಸೃಷ್ಟಿಸಿದವರು ಯಾರೆಂದು ಹುಡುಕುತ್ತಾ ಭೂಮಿಗೆ ಮರಳುವ ಕಥೆ ಮಾಡಿದರು. ಮೇರಿ ಶೆಲ್ಲಿಯ ಕಥೆಯಲ್ಲಿ ಸೃಷ್ಟಿಯಾದದ್ದು ತಂದೆಯನ್ನು ಹುಡುಕಿಕೊಂಡು ಅಲೆದದ್ದು ನೆನಪಾಗುತ್ತದೆ. ನಿಜವಾದ ನೌಕೆಗಳು ಮಾತ್ರ ಹಿಂದಿರುಗುವುದಿಲ್ಲ. ನಾವು ಇಲ್ಲಿ ಮಾತಾಡುತ್ತಿರುವಾಗಲೂ ಒಂದಿಷ್ಟು ಕನ್ನಡವನ್ನು ಹೊತ್ತುಕೊಂಡು ದೂರ ಹೋಗುತ್ತಲೇ ಇವೆ.